ಗಡಿ ದಾಟಿ ಬಂದ ಗಾಡಿ



ಮಡಕಶಿರ, ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡ. ಇವು ನಮ್ಮ ಮಂಡಲಗಳು. ಮನೆಯಲ್ಲಿ ನಾವು ಆಡೋ ಮಾತು ಕನ್ನಡ. ನಮ್ಮ ರಾಜ್ಯ ಆಂಧ್ರಪ್ರದೇಶ. ಮೊದಲು ನಮ್ಮದು ಅನಂತಪುರ ಜಿಲ್ಲೆ ಆಗಿತ್ತು. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ ಆಗಿದೆ. ರಾಯದುರ್ಗ ಈಗಲೂ ಅನಂತಪುರ ಜಿಲ್ಲೆಯಲ್ಲೇ ಇದೆ.

ಪಕ್ಕದಲ್ಲೇ ಕರ್ನಾಟಕ. ಶಿರಾ, ಪಾವಗಡ, ಮಧುಗಿರಿ, ಗೌರಿಬಿದನೂರು ನಮಗೆ ದೂರವೇನಲ್ಲ. ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಹೋಗಿ ಬರ್ತೀವಿ. ಅಲ್ಲಿ ನಮ್ಮ ನೆಂಟರಿದ್ದಾರೆ. ಗಡಿ ಎಲ್ಲಿದೆ ಅಂತ ಕಾಲಿಗೆ ಗೊತ್ತಾಗೋದಿಲ್ಲ. ಆದರೆ ಕಾಗದಕ್ಕೆ ಗೊತ್ತಾಗುತ್ತದೆ.

ನಮ್ಮಲ್ಲಿ ಎಷ್ಟೋ ಜನ ಕರ್ನಾಟಕದಲ್ಲಿ ಹಳೇ ಮೋಟಾರ್ ಸೈಕಲ್ ಕೊಳ್ಳುತ್ತಾರೆ. ದುಡ್ಡು ಕೊಡುತ್ತಾರೆ, ಕೀಲಿ ತಗೊಳ್ತಾರೆ, ಓಡಿಸ್ಕೊಂಡು ಬರ್ತಾರೆ. ಅಷ್ಟಕ್ಕೇ ಗಾಡಿ ನಮ್ಮದಾಯಿತಾ? ಇಲ್ಲ. ಯಾಕೆ ಇಲ್ಲ? ಈ ಪಾಠದಲ್ಲಿ ನೋಡೋಣ.

ಗಾಡಿ ಯಾರದು?

ಗಾಡಿಗೆ ಒಂದು ಮುಖ್ಯ ಕಾಗದ ಇದೆ. ಅದನ್ನು ಆರ್.ಸಿ. ಅನ್ನುತ್ತಾರೆ. ಅಂದರೆ ನೋಂದಣಿ ಪತ್ರ. ಹೊಲಕ್ಕೆ ಪಾಸ್‌ಬುಕ್ ಇದ್ದ ಹಾಗೆ ಗಾಡಿಗೆ ಆರ್.ಸಿ. ಅದರಲ್ಲಿ ಯಾರ ಹೆಸರಿದೆಯೋ ಕಾನೂನಿನ ಲೆಕ್ಕದಲ್ಲಿ ಅವರೇ ಮಾಲೀಕರು.

ಒಂದು ನಿಜವಾದ ಪ್ರಕರಣ ಕೇಳಿ. ಒಬ್ಬರು 2007ರಲ್ಲಿ ತಮ್ಮ ಕಾರು ಮಾರಿದರು. ಕೊಂಡವರು ಇನ್ನೊಬ್ಬರಿಗೆ ಮಾರಿದರು. ಅವರು ಮತ್ತೊಬ್ಬರಿಗೆ ಮಾರಿದರು. ಆರ್.ಸಿ.ಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿಯಿತು. 2009ರಲ್ಲಿ ಆ ಕಾರಿನಿಂದ ಅಪಘಾತವಾಯಿತು. ಒಬ್ಬರು ತೀರಿಕೊಂಡರು. ಕಾರಿಗೆ ವಿಮೆ ಇರಲಿಲ್ಲ. ಪರಿಹಾರ ಯಾರು ಕೊಡಬೇಕು? ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರಲ್ಲಿ ತೀರ್ಪು ಬಂತು. ಆರ್.ಸಿ.ಯಲ್ಲಿ ಹೆಸರು ಇರುವವರೇ ಮಾಲೀಕರು, ಅವರೇ ಕೊಡಬೇಕು ಎಂದು ಕೋರ್ಟ್ ಹೇಳಿತು.

ನೋಡಿದಿರಾ? ಮಾರಿ ಎರಡು ವರ್ಷ ಆದ ಮೇಲೂ ಭಾರ ತಪ್ಪಲಿಲ್ಲ. ಹಾಗಾಗಿ ಹೆಸರು ಬದಲಾಯಿಸೋದು ಕೊಂಡವರಿಗೂ ಬೇಕು, ಮಾರಿದವರಿಗೂ ಬೇಕು. ಕೊಂಡವರಿಗೆ ಇನ್ನೊಂದು ತೊಂದರೆ ಇದೆ. ನಾಳೆ ಗಾಡಿ ಕಳುವಾದರೆ "ಇದು ನನ್ನದು" ಅಂತ ತೋರಿಸೋಕೆ ಅವರ ಕೈಯಲ್ಲಿ ಏನೂ ಇರೋದಿಲ್ಲ.

ಕೊಳ್ಳುವ ಮೊದಲು

ಆರ್.ಸಿ. ಕೇಳಿ ತಗೊಳ್ಳಿ. ಅದರಲ್ಲಿ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಹೆದರಬೇಡಿ. ಅಂಕಿಗಳನ್ನು ಈಗ ನೀವೇ ಓದಬಲ್ಲಿರಿ.

ಮೊದಲು ನಂಬರ್ ಪ್ಲೇಟ್ ನೋಡಿ. ಕೆಎ ಅಂದರೆ ಕರ್ನಾಟಕ. ಎಪಿ ಅಂದರೆ ಆಂಧ್ರಪ್ರದೇಶ. ಅದರ ಮುಂದಿನ ಅಂಕಿ ಯಾವ ಕಚೇರಿ ಅಂತ ಹೇಳುತ್ತದೆ. ಕೆಎ 06 ತುಮಕೂರು. ಕೆಎ 64 ಮಧುಗಿರಿ. ಕೆಎ 40 ಚಿಕ್ಕಬಳ್ಳಾಪುರ. ಕೆಎ 34 ಬಳ್ಳಾರಿ. ನಮ್ಮ ಹಳೇ ಗಾಡಿಗಳಿಗೆ ಎಪಿ 02 ಇದೆ. 2019ರಿಂದ ಜಿಲ್ಲೆಗೊಂದು ಅಂಕಿ ಕೊಡುವುದು ನಿಂತಿತು. ಇಡೀ ಆಂಧ್ರಕ್ಕೆ ಎಪಿ 39 ಬಂತು.

ಆಮೇಲೆ ಚಾಸಿ ನಂಬರ್ ನೋಡಿ. ಅದನ್ನು ಹ್ಯಾಂಡಲ್ ಕೆಳಗೆ ಕಬ್ಬಿಣದ ಮೇಲೆ ಕೊರೆದಿರುತ್ತಾರೆ. ಎಂಜಿನ್ ಮೇಲೂ ಒಂದು ನಂಬರ್ ಇರುತ್ತದೆ. ಎರಡನ್ನೂ ಆರ್.ಸಿ. ಜೊತೆ ಒಂದೊಂದೇ ಅಂಕಿ ಇಟ್ಟು ಹೋಲಿಸಿ. ಒಂದು ಅಂಕಿ ತಪ್ಪಿದರೂ ಆ ಗಾಡಿ ಬೇಡ. ಅದು ಕಳವಿನ ಗಾಡಿ ಇರಬಹುದು.

ಸಾಲ ಇದೆಯಾ ಅಂತಲೂ ಕೇಳಿ. ಸಾಲ ಕೊಟ್ಟ ಬ್ಯಾಂಕಿನ ಹೆಸರು ಆರ್.ಸಿ.ಯಲ್ಲಿ ಇರುತ್ತದೆ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಪತ್ರ ಬೇಕು. ಫಾರಂ 35 ಬೇಕು.

ಗಡಿ ದಾಟಿಸುವ ಕಾಗದ

ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದ ಲೆಕ್ಕಕ್ಕೆ ಬರಬೇಕು. ಅದಕ್ಕೆ ಒಂದು ಒಪ್ಪಿಗೆ ಪತ್ರ ಬೇಕು. ಅದರ ಹೆಸರು ಎನ್.ಒ.ಸಿ. ಅಂದರೆ "ನಮ್ಮ ಅಭ್ಯಂತರ ಇಲ್ಲ" ಅಂತ ಕಚೇರಿ ಕೊಡುವ ಪತ್ರ. ತೆರಿಗೆ ಬಾಕಿ ಇಲ್ಲ, ಕಳವಿನ ಕೇಸು ಇಲ್ಲ ಅಂತ ನೋಡಿಯೇ ಇದನ್ನು ಕೊಡುತ್ತಾರೆ. ಇದಕ್ಕೆ ಫಾರಂ 28. ಗಾಡಿ ಎಲ್ಲಿ ನೋಂದಣಿ ಆಗಿದೆಯೋ ಅಲ್ಲೇ ಇದನ್ನು ತಗೋಬೇಕು. ಕೆಎ 64 ಗಾಡಿ ಆದರೆ ಮಧುಗಿರಿಗೆ ಹೋಗಬೇಕು.

ಮಾರಿದವರು, ಕೊಂಡವರು ಇಬ್ಬರೂ ಫಾರಂ 29 ಮತ್ತು ಫಾರಂ 30ಕ್ಕೆ ಸಹಿ ಹಾಕಬೇಕು. ಇಲ್ಲೊಂದು ಎಚ್ಚರ. ಖಾಲಿ ಫಾರಂಗೆ ಸಹಿ ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ. ಗಾಡಿ ನಂಬರ್, ಹೆಸರು, ತಾರೀಖು ತುಂಬಿದ ಮೇಲೆ ಓದಿ, ಆಮೇಲೆ ಸಹಿ ಹಾಕಿ. "ಆಮೇಲೆ ನಾನೇ ತುಂಬ್ತೀನಿ" ಅಂತ ಯಾರೇ ಹೇಳಲಿ, ಒಪ್ಪಬೇಡಿ. ಸಹಿ ಹಾಕಿದ ಕಾಗದದ ಒಂದು ಪ್ರತಿ ಮನೆಯಲ್ಲಿ ಇರಲಿ.

ಈ ಕಾಗದ ಎಲ್ಲಾ ತಗೊಂಡು ನಮ್ಮ ಕಡೆಯ ಸಾರಿಗೆ ಕಚೇರಿಗೆ ಹೋಗಬೇಕು. ನಮಗೆ ಹತ್ತಿರದ್ದು ಹಿಂದೂಪುರ. ಅಲ್ಲಿ ಹೆಸರು ಬದಲಾಗುತ್ತದೆ. ಹೊಸ ನಂಬರ್‌ಗೆ ಫಾರಂ 27 ಕೊಡಬೇಕು. ಆಂಧ್ರದ ತೆರಿಗೆ ಕಟ್ಟಬೇಕು. ಗಾಡಿ ಎಷ್ಟು ಹಳೇದು ಅನ್ನೋದರ ಮೇಲೆ ತೆರಿಗೆ ಲೆಕ್ಕ ಆಗುತ್ತದೆ. ಕೊಳ್ಳುವ ಮೊದಲೇ ಕಚೇರಿಯಲ್ಲಿ ಇದನ್ನು ಕೇಳಿ. ಗಾಡಿಯ ಬೆಲೆಗೆ ಈ ದುಡ್ಡನ್ನೂ ಸೇರಿಸಿ ನೋಡಿ. ಆಗ ಅಗ್ಗವೋ ದುಬಾರಿಯೋ ತಿಳಿಯುತ್ತದೆ. ಕರ್ನಾಟಕದಲ್ಲಿ ಒಮ್ಮೆಗೇ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬಹುದು. ಅದಕ್ಕೆ ಅಲ್ಲಿನ ಕಚೇರಿಗೆ ಅರ್ಜಿ ಕೊಡಬೇಕು.

ಒಂದು ತಪ್ಪು ತಿಳಿವಳಿಕೆ

"ಬೇರೆ ರಾಜ್ಯದ ಗಾಡೀನ 12 ತಿಂಗಳು ಓಡಿಸಬಹುದು, ಆಮೇಲೆ ನೋಡ್ಕೊಳ್ಳೋಣ" ಅಂತ ಜನ ಹೇಳ್ತಾರೆ. ಇದು ಅರ್ಧ ಸತ್ಯ. ಆರ್.ಸಿ. ದೇಶದಲ್ಲೆಲ್ಲಾ ನಡೆಯುತ್ತದೆ, ನಿಜ. ಮಾಲೀಕರು ತಮ್ಮ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರ್ ಬೇಕು. ಆ ಮಾತು ನಂಬರಿಗೆ ಸೇರಿದ್ದು. ಆದರೆ ಗಾಡಿಯನ್ನು ಕೊಂಡವರು ಹೆಸರು ಬದಲಾವಣೆಗೆ 30 ದಿನದ ಒಳಗೆ ಅರ್ಜಿ ಕೊಡಬೇಕು. 12 ತಿಂಗಳ ಮಾತು ನಂಬಿ ಕೂತರೆ ಈ 30 ದಿನ ಕಳೆದು ಹೋಗುತ್ತದೆ.

ನೆನಪಿಡುವ ಅಂಕಿಗಳು

14 ದಿನ – ವಿಮೆ ನಿಮ್ಮ ಹೆಸರಿಗೆ ಆಗಲು ವಿಮಾ ಕಂಪನಿಗೆ ಅರ್ಜಿ.
30 ದಿನ – ಕೊಂಡವರು ನಮ್ಮ ಸಾರಿಗೆ ಕಚೇರಿಗೆ ಅರ್ಜಿ.
45 ದಿನ – ಬೇರೆ ರಾಜ್ಯಕ್ಕೆ ಮಾರಿದವರು ಎನ್.ಒ.ಸಿ. ತಲುಪಿಸುವ ಗಡುವು.
15 ವರ್ಷ – ಹೊಸ ಗಾಡಿಯ ಆರ್.ಸಿ. ಅವಧಿ. ಆಮೇಲೆ ನವೀಕರಣ.

ಓಡಿಸುವವರಿಗೆ

ಲೈಸೆನ್ಸ್ ಬೇರೆ, ಆರ್.ಸಿ. ಬೇರೆ. ಆರ್.ಸಿ. ಗಾಡಿಗೆ, ಲೈಸೆನ್ಸ್ ಮನುಷ್ಯರಿಗೆ. ಆಂಧ್ರದ ಲೈಸೆನ್ಸ್ ಕರ್ನಾಟಕದಲ್ಲೂ ನಡೆಯುತ್ತದೆ. ಗೇರ್ ಗಾಡಿಗೆ 18 ವರ್ಷ ತುಂಬಿರಬೇಕು. ಸ್ವಂತ ಬೈಕ್ ಓಡಿಸುವ ಲೈಸೆನ್ಸ್‌ಗೆ ಶಾಲೆಯ ಸರ್ಟಿಫಿಕೇಟ್ ಪಾಸಾಗಿರಬೇಕು ಅಂತ ಏನೂ ಇಲ್ಲ. ರಸ್ತೆಯ ಗುರುತುಗಳು ಗೊತ್ತಿರಬೇಕು. ಮೊದಲು ಕಲಿಯುವವರ ಲೈಸೆನ್ಸ್ ಕೊಡುತ್ತಾರೆ. ಅದು 6 ತಿಂಗಳು ನಡೆಯುತ್ತದೆ. 30 ದಿನ ಆದ ಮೇಲೆ ಓಡಿಸಿ ತೋರಿಸುವ ಪರೀಕ್ಷೆ.

2019ರಲ್ಲಿ ಕಾನೂನು ಬಿಗಿಯಾಯಿತು. ಲೈಸೆನ್ಸ್ ಇಲ್ಲದಿದ್ದರೆ 5,000 ರೂಪಾಯಿ ದಂಡ. ವಿಮೆ ಇಲ್ಲದಿದ್ದರೆ ಮೊದಲ ಸಲ 2,000. ಮಕ್ಕಳ ಕೈಗೆ ಗಾಡಿ ಕೊಟ್ಟರೆ ದೊಡ್ಡವರಿಗೆ 25,000 ದಂಡ, ಜೈಲೂ ಆಗಬಹುದು. ರಸ್ತೆಯಲ್ಲೇ ಕಟ್ಟುವ ದಂಡ ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆ ಇರುತ್ತದೆ. ಹಿಂದೆ ಒಬ್ಬರೇ ಕೂರಬೇಕು. ಇಬ್ಬರಿಗೂ ಹೆಲ್ಮೆಟ್ ಬೇಕು. ಹೆಲ್ಮೆಟ್ ಪೊಲೀಸರಿಗಾಗಿ ಅಲ್ಲ, ನಮ್ಮ ತಲೆಗಾಗಿ.

ಹೊರದೇಶಕ್ಕೆ ಹೋದರೆ

ನಮ್ಮ ಸೀಮೆಯಿಂದ ಕುವೈತ್, ದುಬೈಗೆ ದುಡಿಯಲು ಹೋಗುವವರು ಇದ್ದಾರೆ. ಅಲ್ಲಿ ನೆಲೆಸಿ ಕೆಲಸ ಮಾಡುವವರಿಗೆ ನಮ್ಮ ಲೈಸೆನ್ಸ್ ಸಾಲದು. ಅಲ್ಲಿನ ಲೈಸೆನ್ಸೇ ಬೇಕು. ಕೆಲವು ದೇಶಗಳಿಗೆ ಸ್ವಲ್ಪ ದಿನಕ್ಕೆ ಹೋಗುವವರಿಗೆ ನಮ್ಮ ಸಾರಿಗೆ ಕಚೇರಿಯೇ ಅಂತರರಾಷ್ಟ್ರೀಯ ಪರವಾನಗಿ ಕೊಡುತ್ತದೆ. ಅದರ ಅವಧಿ 1 ವರ್ಷ. ಹೋಗುವ ಮೊದಲೇ ವಿಚಾರಿಸಿ.

ಅಭ್ಯಾಸ

1. ನಿಮ್ಮ ಮನೆಯ ಗಾಡಿಯ ಆರ್.ಸಿ. ತಗೊಳ್ಳಿ. ನೋಂದಣಿ ನಂಬರ್, ಚಾಸಿ ನಂಬರ್ ಹುಡುಕಿ ಬರೆಯಿರಿ.
2. ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ? ಬರೆದು ಗೋಡೆಗೆ ಅಂಟಿಸಿ.
3. ಎನ್.ಒ.ಸಿ. ಎಲ್ಲಿ ತಗೋಬೇಕು? ಒಂದು ವಾಕ್ಯದಲ್ಲಿ ಬರೆಯಿರಿ.
4. ಹಿಂದೆ ನೀವು ಮಾರಿದ ಗಾಡಿ ಇದೆಯಾ? ಅದರ ಆರ್.ಸಿ.ಯಲ್ಲಿ ಈಗ ಯಾರ ಹೆಸರಿದೆ? ಈ ವಾರವೇ ಕೇಳಿ ತಿಳಿದುಕೊಳ್ಳಿ.