ಗುಂಪು ಮೊದಲು, ಗುರಿ ಆಮೇಲೆ: .22 ಫೈರಿಂಗ್‌ಗೆ ಒಂಬತ್ತು ಸೂತ್ರಗಳು

ವಿಜಯಪುರ, ತಿಕೋಟಾ, ಬಬಲೇಶ್ವರದ ಹುಡುಗ ಹುಡುಗಿಯರು ಎನ್‌ಸಿಸಿ ಸೇರಿದರೆ ಮೊದಲು ಕೈಗೆ ಬರುವುದು .22 ರೈಫಲ್, ಅದರೊಳಗೆ ಸೀಸದ ಪುಟ್ಟ ಗುಂಡು. 1963ರಲ್ಲೇ ಸೈನಿಕ ಶಾಲೆ ಕಂಡ ವಿಜಯಪುರಕ್ಕೆ ಬಂದೂಕಿನ ಸದ್ದು ಹೊಸದಲ್ಲ. ಆದರೆ ಕ್ಯಾಂಪಿನಲ್ಲಿ ಕೆಡೆಟ್‌ಗೆ ಸಿಗುವ ಗುಂಡು ಬೆರಳೆಣಿಕೆಯಷ್ಟು. ಅವನ್ನು ವ್ಯರ್ಥ ಮಾಡದಿರಲು ಈ ಸೂತ್ರಗಳು.

1. ನಡುಗುರಿಯ ಆಸೆ ಬಿಡಿ. ಐದು ಗುಂಡೂ ಅಂಗೈಯಗಲದೊಳಗೆ, ಒಂದೇ ಕಡೆ ಬೀಳಲಿ. ಗುಂಪು ಬಿಗಿಯಾಗಿದ್ದು ಪಕ್ಕಕ್ಕೆ ಬಿದ್ದಿದ್ದರೆ ಸೈಟ್ ಸರಿಪಡಿಸಿದರಾಯಿತು. ಚೆಲ್ಲಾಪಿಲ್ಲಿಯಾಗಿದ್ದರೆ ಮೊದಲು ನಿಮ್ಮ ಹಿಡಿತ, ಉಸಿರು, ಬೆರಳು ನೋಡಿಕೊಳ್ಳಿ.

2. ಸರಿಯಾಗಿ ಮಲಗಿ. ಗುರಿ ಹಿಡಿದು ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು ತೆರೆಯಿರಿ. ರೈಫಲ್ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರಬೇಡಿ, ಇಡೀ ಮೈಯನ್ನೇ ಹೊರಳಿಸಿ. ತೋಳಿನ ಬಲದಿಂದ ಹಿಡಿದ ಗುರಿ ಮೂರನೇ ಗುಂಡಿಗೆ ನಡುಗುತ್ತದೆ.

3. ಕಣ್ಣು ಫೋರ್‌ಸೈಟ್ ಮೇಲಿರಲಿ. ಅದರ ತುದಿ ಸ್ಪಷ್ಟವಾಗಿ ಕಾಣಲಿ, ಟಾರ್ಗೆಟ್ ಮಸುಕಾದರೂ ಚಿಂತೆಯಿಲ್ಲ. ಇಲ್ಲಿ ಕೂದಲೆಳೆಯಷ್ಟು ತಪ್ಪಿದರೆ 25 ಮೀಟರ್ ಆಚೆ ಅದು ಹಲವು ಪಟ್ಟು ಬೆಳೆದಿರುತ್ತದೆ.

4. ಉಸಿರು ಅರ್ಧ ಬಿಟ್ಟು ತಡೆಯಿರಿ. ಏಳೆಂಟು ಸೆಕೆಂಡಿನಲ್ಲಿ ಗುಂಡು ಹಾರದಿದ್ದರೆ ಬೆರಳು ತೆಗೆದು ಮತ್ತೆ ಶುರು ಮಾಡಿ. ಹಟ ಹಿಡಿದು ಹೊಡೆದ ಗುಂಡು ಗುಂಪಿನ ಹೊರಗೇ.

5. ಟ್ರಿಗರ್ ಒತ್ತಿ, ಜಗ್ಗಬೇಡಿ. ಗುಂಡು ಯಾವಾಗ ಹಾರಿತೆಂಬುದು ನಿಮಗೇ ತುಸು ಅಚ್ಚರಿಯಾಗಬೇಕು. ಹಾರಿದ ಮೇಲೂ ಒಂದು ಕ್ಷಣ ಕೆನ್ನೆ ಎತ್ತಬೇಡಿ.

6. ಗುಂಡಿನ ಗುಣ ತಿಳಿಯಿರಿ. .22ರ ಗುಂಡು ಸುಮಾರು 2.6 ಗ್ರಾಂ ಸೀಸ. ವೇಗ ಸೆಕೆಂಡಿಗೆ 330 ಮೀಟರ್ ಆಸುಪಾಸು, ಹಾಗಾಗಿ ಮೇಣದ ಲೇಪವಿದ್ದರೆ ಬರಿ ಸೀಸವೇ ಸಾಕು. ಸೇನೆಯ ಹಳೆಯ ಎಸ್‌ಎಲ್‌ಆರ್ ತಾನೇ ಲೋಡ್ ಆಗುವ ರೈಫಲ್. ಅದರ 7.62 ಗುಂಡಿನ ವೇಗ 800 ಮೀಟರ್ ದಾಟುತ್ತದೆ. ಆ ವೇಗಕ್ಕೆ ಮೆತ್ತನೆಯ ಸೀಸ ನಳಿಗೆಯಲ್ಲಿ ಮೆತ್ತಿಕೊಳ್ಳುತ್ತದೆ, ಯಂತ್ರವನ್ನು ನಡೆಸುವ ಗ್ಯಾಸಿನ ಕಿಂಡಿಗೂ ಕಸ ತುಂಬುತ್ತದೆ. ಅದಕ್ಕೇ ಅಲ್ಲಿ ಸೀಸದ ಮೇಲೆ ಗಟ್ಟಿ ಲೋಹದ ಕವಚ. ನಿಮ್ಮ .22ರಲ್ಲಿ ಪ್ರತಿ ಗುಂಡಿಗೂ ಬೋಲ್ಟ್ ನೀವೇ ಎಳೆಯಬೇಕು. ಎಳೆಯುವಾಗ ಮೊಣಕೈ ಜಾಗ ಬಿಡದಿರಲಿ.

7. ಚಿಂದಿಗೆ ಸೋಮಾರಿತನ ಬೇಡ. ಫೈರಿಂಗ್ ಮುಗಿದೊಡನೆ ಪುಲ್‌ಥ್ರೂಗೆ ಚಿಂದಿ ಸಿಕ್ಕಿಸಿ ನಳಿಗೆಯಲ್ಲಿ ಎಳೆಯಿರಿ. ಮೊದಲ ಚಿಂದಿ ಕಪ್ಪಗೆ, ಜಿಡ್ಡುಜಿಡ್ಡಾಗಿ, ಅಲ್ಲಲ್ಲಿ ಬೂದು ಮಿಂಚಿನ ಸೀಸದ ಚೂರು ಹೊತ್ತು ಬರುತ್ತದೆ. ಬಿಳಿ ಬರುವವರೆಗೆ ಬಿಡಬೇಡಿ, ಕೊನೆಗೆ ತೆಳುವಾಗಿ ಎಣ್ಣೆ. ಆಮೇಲೆ ಬುತ್ತಿ ಬಿಚ್ಚುವ ಮುನ್ನ ಕೈಯನ್ನು ಸೋಪಿನಿಂದ ತೊಳೆಯಿರಿ. ಸೀಸ ವಿಷ, ಆ ಕೈಯಲ್ಲಿ ರೊಟ್ಟಿ ಮುರಿಯಬೇಡಿ.

8. ಕಿವಿ, ಕಾನೂನು ಎರಡೂ ಕಾಯಿರಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದು ವಿಜಯಪುರಕ್ಕೆ ತಂದ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ಒಂದು ನೀರಿನ ತೊಟ್ಟಿಯಿದೆ. ತೋಪು ಹಾರಿಸಿದವನು ಸದ್ದಿನಿಂದ ಪಾರಾಗಲು ಅದರಲ್ಲಿ ಮುಳುಗುತ್ತಿದ್ದನೆಂದು ಊರ ಮಂದಿ ಹೇಳುತ್ತಾರೆ. ನಿಮಗೆ ಇಯರ್‌ಪ್ಲಗ್ ಸಾಕು. ಖಾಲಿ ಕೇಸನ್ನೂ ಎಣಿಸಿ ಒಪ್ಪಿಸಬೇಕು. ಗುರಿಯ ಹಿಂದಿನ ಮಣ್ಣಿನಲ್ಲಿ ಹೂತ ಸೀಸ ಹೆಕ್ಕಿ ಮನೆಯಲ್ಲಿ ಎರಕ ಹೊಯ್ಯುವ ಸಾಹಸ ಬೇಡವೇ ಬೇಡ. ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

9. ಗುಂಡಿಲ್ಲದೆ ಹೆಚ್ಚು ಹೊತ್ತು ಅಭ್ಯಾಸ ಮಾಡಿ. ಉಸ್ತಾದರ ಎದುರಿಗೇ, ಡಮ್ಮಿ ಗುಂಡು ಇಟ್ಟು ಟ್ರಿಗರ್ ಒತ್ತಿ. ಖಾಲಿ ಹೊಡೆದರೆ .22ರ ಪಿನ್ ಚೇಂಬರಿನ ಅಂಚಿಗೇ ಬಡಿಯುತ್ತದೆ. ಫೋರ್‌ಸೈಟ್ ಅಲುಗಿತೇ ಎಂಬುದನ್ನಷ್ಟೇ ನೋಡಿ. ಪಕ್ಕದ ರಾಜ್ಯದ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನ ಕಂಚು ಗೆದ್ದದ್ದು ಇದೇ 5.6 ಮಿಲಿಮೀಟರ್ ಸೀಸದ ಗುಂಡಿನಿಂದ. ಒಲಿಂಪಿಕ್ಸ್‌ಗೂ ಕ್ಯಾಂಪಿಗೂ ಗುಂಡು ಒಂದೇ ಜಾತಿಯದು, ಉಳಿದದ್ದೆಲ್ಲ ಅಭ್ಯಾಸ.