ಸಮಭಾಜಕದ ಮೇಲಣ ಆಕಾಶವೂ ರಾಕೆಟ್ಟಿನ ಪರಿಶೋಧನೆಯೂ

ಭದ್ರಾವತಿಯ ಆಕಾಶವಾಣಿ ನಿಲಯವು 1965ರಲ್ಲಿ ಆರಂಭವಾದಂದಿನಿಂದ ನಮ್ಮ ಸೀಮೆಯ ಮನೆಗಳಲ್ಲಿ ರೇಡಿಯೋ ಕೇಳುವ ವಾಡಿಕೆಯು ಬೇರೂರಿತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಹಗಲಿನಲ್ಲಿ ಸಮೀಪದ ನಿಲಯವನ್ನಷ್ಟೇ ಕೇಳಿಸುತ್ತಿದ್ದ ಮಧ್ಯಮ ತರಂಗದಲ್ಲಿ, ಕತ್ತಲಾದ ಮೇಲೆ ದೂರದೇಶದ ನಿಲಯಗಳೂ ನುಸುಳಿ ಬರುತ್ತಿದ್ದುದನ್ನು ಅವರು ಗಮನಿಸಿರಬಹುದು. ಇದರ ಕಾರಣವು ಆಕಾಶದಲ್ಲಿರುವುದು. ಆ ಆಕಾಶವನ್ನು ಕುರಿತು ಎರಡು ಮಾತುಗಳನ್ನು ಇಲ್ಲಿ ಬರೆಯುವೆವು.

ನೆಲದಿಂದ ಸುಮಾರು 60 ಕಿಲೋಮೀಟರಿಗೆ ಮೇಲ್ಪಟ್ಟು, ಸೂರ್ಯನ ನೇರಳಾತೀತ ಕಿರಣಗಳೂ ಕ್ಷ-ಕಿರಣಗಳೂ ವಾಯುವಿನ ಕಣಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸುವವು. ಹೀಗೆ ವಿದ್ಯುತ್ಪೂರಿತವಾದ ವಾಯುವಿಗೆ ಲ್ಯಾಂಗ್‌ಮ್ಯೂರ್ ಎಂಬ ಅಮೆರಿಕಾದ ವಿಜ್ಞಾನಿಯು 1928ರಲ್ಲಿ ಪ್ಲಾಸ್ಮಾ ಎಂಬ ಹೆಸರನ್ನಿತ್ತನು. ಆ ಪ್ರದೇಶಕ್ಕೆ ಅಯಾನುಗೋಲವೆಂದು ಹೆಸರು. ಅದರ ಕೆಳಗಣ ಪದರವು ಹಗಲಿನಲ್ಲಿ ಮಧ್ಯಮ ತರಂಗಗಳನ್ನು ಹೀರಿಕೊಳ್ಳುವುದು. ಸೂರ್ಯನು ಮುಳುಗಿದೊಡನೆ ಆ ಪದರವು ಕರಗಿ, ಮೇಲಣ ಪದರಗಳು ತರಂಗಗಳನ್ನು ದೂರದ ಊರುಗಳಿಗೆ ಹಿಂದಿರುಗಿಸುವವು.

ಆದರೆ ಈ ಪದರಗಳು ಕನ್ನಡಿಯಂತೆ ನುಣುಪಾದವುಗಳಲ್ಲ. 1938ರಲ್ಲಿ ಬುಕರ್ ಮತ್ತು ವೆಲ್ಸ್ ಎಂಬವರು ಪೆರು ದೇಶದ ಹುವಾಂಕಾಯೋದಲ್ಲಿ ಮೇಲಕ್ಕೆ ಕಳುಹಿಸಿದ ತರಂಗಗಳು ರಾತ್ರಿಯ ಹೊತ್ತು ಸ್ಪಷ್ಟವಾಗಿ ಹಿಂದಿರುಗದೆ ಚದರಿ ಬಂದುದನ್ನು ಕಂಡರು. ಆ ಸ್ಥಳವು ಭೂಕಾಂತ ಸಮಭಾಜಕದ ಬಳಿಯಲ್ಲಿದೆ. ಮೇಲೆ ಕೆಳಗೆ ಬಾಗಲು ಬಿಟ್ಟ ಸೂಜಿಗಲ್ಲಿನ ಮುಳ್ಳು ಎತ್ತಲೂ ಬಾಗದೆ ನೆಲಕ್ಕೆ ಸಮನಾಗಿ ನಿಲ್ಲುವ ರೇಖೆಯೇ ಅದು. ಅಲ್ಲಿ ಹಗಲಿನಲ್ಲಿ, ಸುಮಾರು 105 ಕಿಲೋಮೀಟರ್ ಎತ್ತರದಲ್ಲಿ, ಬಲವಾದ ವಿದ್ಯುತ್ಪ್ರವಾಹವೊಂದು ಹರಿಯುವುದು.

ಈ ಒರಟುತನವನ್ನು ಅಲ್ಲಿಯೇ ಹೋಗಿ ಅಳೆಯುವ ಬಗೆ ಹೇಗೆ? ಬೆಲೂನುಗಳು ಸಾಮಾನ್ಯವಾಗಿ 40 ಕಿಲೋಮೀಟರಿನ ಆಚೆಗೆ ಏರಲಾರವು. ಉಪಗ್ರಹವು 150 ಕಿಲೋಮೀಟರಿಗಿಂತ ಕೆಳಗೆ ಇಳಿದರೆ ಗಾಳಿಯ ತಡೆಯಿಂದ ಬೇಗನೆ ಬೀಳುವುದು. ನಡುವಣ ಪ್ರದೇಶಕ್ಕೆ ಕೆಲವು ನಿಮಿಷ ಏರಿ ಇಳಿಯುವ ರಾಕೆಟ್ಟೊಂದೇ ಗತಿ. (ರಾಕೆಟ್ಟು ನಮ್ಮ ಜಿಲ್ಲೆಗೆ ಹೊಸತಲ್ಲ. ಹೊಸನಗರ ತಾಲ್ಲೂಕಿನ ನಗರದ ಹಳೆಯ ಬಾವಿಯೊಂದರಲ್ಲಿ 2018ರಲ್ಲಿ ಟಿಪ್ಪುವಿನ ಕಾಲದ ಸಾವಿರದಷ್ಟು ಕಬ್ಬಿಣದ ರಾಕೆಟ್ ಕೊಳವೆಗಳು ದೊರೆತವು.)

ಕಾಂತ ಸಮಭಾಜಕವು ತಿರುವನಂತಪುರದ ಬಳಿಯ ತುಂಬಾ ಎಂಬ ಬೆಸ್ತರ ಹಳ್ಳಿಯ ಸಮೀಪದಲ್ಲಿ ಹಾದುಹೋಗುತ್ತಿದ್ದುದರಿಂದ ವಿಕ್ರಮ ಸಾರಾಭಾಯಿಯವರು ಆ ಸ್ಥಳವನ್ನು ಆರಿಸಿದರು. ಅಲ್ಲಿ ಮಗ್ದಲದ ಸಂತ ಮರಿಯಳ ದೇವಾಲಯವಿದ್ದಿತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ಸಭೆಯ ಮುಂದೆ ವಿಷಯವನ್ನಿಟ್ಟು ಒಪ್ಪಿಗೆ ಪಡೆದರು. ಬೆಸ್ತರ ಕುಟುಂಬಗಳು ತಮ್ಮ ಮನೆಗಳನ್ನೂ ಪ್ರಾರ್ಥನೆಯ ಸ್ಥಳವನ್ನೂ ಬಿಟ್ಟುಕೊಟ್ಟು ಬೇರೆಡೆಗೆ ಹೋದರು. ಅವರಿಗಾಗಿ ಹೊಸ ದೇವಾಲಯವು ಕಟ್ಟಲ್ಪಟ್ಟಿತು. ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಈ ತ್ಯಾಗಕ್ಕೆ ಒಂದೆರಡು ಸಾಲುಗಳನ್ನಷ್ಟೇ ಕೊಡುವರು. ಅದು ಸಾಲದೆಂದು ನಮ್ಮ ಅಭಿಪ್ರಾಯ. ಹಳೆಯ ದೇವಾಲಯವೇ ಕಾರ್ಯಾಲಯವಾಯಿತು. 1963ನೆಯ ನವೆಂಬರ್ 21ರ ಸಂಜೆ ಅಲ್ಲಿಂದ ಮೊದಲ ರಾಕೆಟ್ಟು ಏರಿತು.

ತರುವಾಯದ ವರ್ಷಗಳಲ್ಲಿ ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದ ಸತ್ಯಪ್ರಕಾಶ್, ಬಿ. ಎಚ್. ಸುಬ್ಬರಾಯ, ಎಸ್. ಪಿ. ಗುಪ್ತ ಮೊದಲಾದವರು ರಾಕೆಟ್ಟಿನಲ್ಲಿ ಲ್ಯಾಂಗ್‌ಮ್ಯೂರನ ಶೋಧಕವನ್ನಿಟ್ಟು ಕಳುಹಿಸಿದರು. ಇದು ಕೆಲವು ವೋಲ್ಟುಗಳ ಧನವಿದ್ಯುತ್ತನ್ನು ಕೊಟ್ಟ ಲೋಹದ ತುಣುಕು. ಸುತ್ತಲಿನ ಎಲೆಕ್ಟ್ರಾನುಗಳನ್ನು ಇದು ಸೆಳೆಯುವುದು. ಅವು ದಟ್ಟವಾದಲ್ಲಿ ವಿದ್ಯುತ್ಪ್ರವಾಹವು ಹೆಚ್ಚುವುದು, ವಿರಳವಾದಲ್ಲಿ ತಗ್ಗುವುದು. ರಾಕೆಟ್ಟಿನ ವೇಗವು ಸೆಕೆಂಡಿಗೆ 1 ಕಿಲೋಮೀಟರ್ ಎಂದುಕೊಂಡರೆ, 1 ಮೀಟರ್ ಅಗಲದ ಏರಿಳಿತಗಳು ಸೆಕೆಂಡಿಗೆ 1000 ಸಾರಿ ಮಿಡಿಯುವವು. ಆದುದರಿಂದ ಮಿಡಿತವನ್ನೆಣಿಸಿ ಗಾತ್ರವನ್ನು ತಿಳಿಯಬಹುದು.

ಅವರು ಕಂಡುಕೊಂಡುದು ಸ್ವಾರಸ್ಯಕರವಾಗಿದೆ. ಹಗಲಿನಲ್ಲಿ, ಎತ್ತರ ಹೆಚ್ಚಿದಂತೆ ಎಲೆಕ್ಟ್ರಾನುಗಳು ಹೆಚ್ಚುವ ಕಡೆಗಳಲ್ಲಿ ಒಂದು ಬಗೆಯ ಒರಟುತನವು ತೋರಿತು. ರಾತ್ರಿಯಲ್ಲಿ ವಿದ್ಯುತ್ ಕ್ಷೇತ್ರದ ದಿಕ್ಕು ತಿರುಗುವುದಷ್ಟೆ. ಆಗ ಅದು ಎಲೆಕ್ಟ್ರಾನುಗಳು ಎತ್ತರದೊಡನೆ ಕಡಮೆಯಾಗುವ ಕಡೆಗಳಲ್ಲಿ ತೋರಿತು. ಕ್ಷೇತ್ರವೂ ಸಾಂದ್ರತೆಯ ಏರಿಕೆಯೂ ಒಂದೇ ದಿಕ್ಕಿಗೆ ಮುಖಮಾಡಿದಲ್ಲಿ ಪ್ಲಾಸ್ಮಾ ನೆಲೆತಪ್ಪುವುದೆಂಬ ಸಿದ್ಧಾಂತವು ಇದರಿಂದ ಪ್ರತ್ಯಕ್ಷವಾಯಿತು. ಪದರದೊಳಗೇ ಹೊಕ್ಕು ಅಳೆದವರಿಗೆ ಹೊರತು ಇಷ್ಟು ಸೂಕ್ಷ್ಮವು ದೊರೆಯಲಾರದು.

ಇನ್ನೂ ಮೇಲೆ, 250 ಕಿಲೋಮೀಟರಿನಾಚೆ, ಸಂಜೆಯ ಆಟವೇ ಬೇರೆ. ಸೂರ್ಯಾಸ್ತದ ನಂತರ ಪದರದ ಅಡಿಭಾಗವು ಬೇಗ ಕ್ಷಯಿಸುವುದು. ದಟ್ಟವಾದ ಭಾಗವು ಮೇಲೆಯೇ ಉಳಿಯುವುದು. ಎಣ್ಣೆಯ ಮೇಲೆ ನೀರು ಹೊಯ್ದರೆ ನೀರು ಇಳಿದು ಎಣ್ಣೆಯು ಗುಳ್ಳೆಗಳಾಗಿ ಏಳುವುದನ್ನು ಅಡಿಗೆಮನೆಯಲ್ಲಿ ಯಾರು ನೋಡಿಲ್ಲ? ಅದೇ ರೀತಿ ವಿರಳ ಪ್ಲಾಸ್ಮಾದ ಗುಳ್ಳೆಗಳು ಮೇಲಕ್ಕೇಳುವವು. ಇವುಗಳನ್ನು ಅಳೆಯಲು ಶ್ರೀಹರಿಕೋಟೆಯಿಂದ ಆರ್.ಎಚ್. 560 ಎಂಬ ರಾಕೆಟ್ಟುಗಳನ್ನು ಹಾರಿಸಿದರು. ಆ ಅಂಕಿಯು ಮಿಲಿಮೀಟರುಗಳಲ್ಲಿ ಅದರ ವ್ಯಾಸ. ಶ್ರೀಹರಿಕೋಟೆಯು ಹೆಚ್ಚುಕಡಮೆ ನಮ್ಮ ಭದ್ರಾವತಿಯ ಅಕ್ಷಾಂಶದಲ್ಲಿಯೇ, ಪೂರ್ವಸಮುದ್ರದ ದಡದಲ್ಲಿದೆ.

ಗುಳ್ಳೆಗಳು ಕಾಂತರೇಖೆಗಳನ್ನನುಸರಿಸಿ ಉತ್ತರಕ್ಕೂ ದಕ್ಷಿಣಕ್ಕೂ ಚಾಚುವುದರಿಂದ ಶಿವಮೊಗ್ಗೆಯ ಆಕಾಶವೂ ಇವುಗಳಿಂದ ತಪ್ಪಿಸಿಕೊಳ್ಳದು. ನಕ್ಷತ್ರಗಳು ಮಿನುಗುವಂತೆ ಉಪಗ್ರಹಗಳ ಸಂಕೇತಗಳೂ ಆಗ ಮಿನುಗುವವು, ಕೆಲವೊಮ್ಮೆ ಕಡಿದುಹೋಗುವವು. ಸೂರ್ಯನ ಮೇಲೆ ಕಲೆಗಳು ಹೆಚ್ಚಾದ ವರ್ಷಗಳಲ್ಲಿ, ಹಗಲಿರುಳು ಸಮನಾಗುವ ತಿಂಗಳುಗಳ ರಾತ್ರಿಗಳಲ್ಲಿ ಈ ತೊಂದರೆಯು ವಿಶೇಷ. 2023ರಲ್ಲಿ ಶಿವಮೊಗ್ಗೆಗೂ ವಿಮಾನನಿಲ್ದಾಣ ಬಂದಿತು. ವಿಮಾನಗಳಿಗೆ ದಾರಿತೋರಲು ನಮ್ಮ ದೇಶವು ಗಗನ್ ಎಂಬ ಉಪಗ್ರಹ ವ್ಯವಸ್ಥೆಯನ್ನು ಏರ್ಪಡಿಸಿದೆ. ಅಯಾನುಗೋಲದಿಂದಾಗುವ ತಪ್ಪನ್ನು ಎಣಿಸಿ ತಿದ್ದುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಸಂಜೆಯ ಗುಳ್ಳೆಗಳ ನಡುವೆ ಆ ಎಣಿಕೆಯು ಇಂದಿಗೂ ಕಷ್ಟವಾಗಿಯೇ ಇರುವುದು. ಯಾವ ಸಂಜೆ ಅವು ಏಳುವವು, ಯಾವ ಸಂಜೆ ಏಳವು ಎಂಬುದನ್ನು ಮುಂಚಿತವಾಗಿ ಖಂಡಿತವಾಗಿ ಹೇಳುವ ವಿದ್ಯೆಯು ಇನ್ನೂ ಕೈಗೂಡಿಲ್ಲ.