ಜಲಾಶಯದ ಶಿಲೀಂಧ್ರಗಳು ಮತ್ತು ಋತುಧರ್ಮ

'ಶಿಲೀಂಧ್ರ' ಎಂಬುದು ಸಂಸ್ಕೃತ ಕವಿಗಳಿಗೆ ಪರಿಚಿತವಾದ ಪದ. ಮೇಘಗರ್ಜನೆಗೆ ನೆಲವು ಅಣಬೆಗಳನ್ನು ತಳೆಯುವ ಚಿತ್ರವನ್ನು ಕಾಳಿದಾಸನು ಮೇಘದೂತದಲ್ಲಿ ತಂದಿದ್ದಾನೆ. ನಮ್ಮ ಹಳ್ಳಿಗರು ಅಣಬೆಯನ್ನು ನಾಯಿಕೊಡೆ ಎನ್ನುತ್ತಾರೆ. ಅಣಬೆಗೂ ಮಳೆಗೂ ಇರುವ ನಂಟನ್ನು ಎಲ್ಲರೂ ಬಲ್ಲರು. ಆದರೆ ಅದೇ ಕುಲದ ಸೂಕ್ಷ್ಮಜೀವಿಗಳು ಹೊಳೆ, ಕೆರೆ, ಜಲಾಶಯಗಳ ನೀರಿನೊಳಗೂ ಬಾಳುತ್ತವೆ; ಅವೂ ಋತುಧರ್ಮಕ್ಕೆ ಅಧೀನವಾಗಿವೆ ಎಂಬುದನ್ನು ಅರಿತವರು ವಿರಳ.

1942ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಸಿ. ಟಿ. ಇಂಗೋಲ್ಡರು, ತೊರೆಯಲ್ಲಿ ಕೊಳೆಯುತ್ತಿದ್ದ ಆಲ್ಡರ್ ಮರದ ಎಲೆಗಳ ಮೇಲಿನ ಶಿಲೀಂಧ್ರಗಳನ್ನು ವಿವರಿಸಿದರು. ಇವುಗಳಲ್ಲಿ ಹಲವದರ ಬೀಜಕಣಕ್ಕೆ ನಾಲ್ಕು ತೋಳುಗಳಿವೆ. ಹರಿಯುವ ನೀರಿನಲ್ಲಿ ಎಲೆಗೆ ತಗುಲಿಕೊಳ್ಳಲು ಆ ತೋಳುಗಳೇ ಆಸರೆ. ನಮ್ಮ ನಾಡಿನಲ್ಲಿ, 1980ರ ದಶಕದಲ್ಲಿ, ಮಂಗಳೂರು ವಿಶ್ವವಿದ್ಯಾನಿಲಯದ ಕೆ. ಆರ್. ಶ್ರೀಧರ್ ಮತ್ತು ಕೆ. ಎಂ. ಕಾವೇರಿಯಪ್ಪನವರು ಕೊಣಾಜೆಯ ತೊರೆಯಲ್ಲಿ ಇವುಗಳ ಋತುಮಾನವನ್ನು ಅಭ್ಯಸಿಸಿದರು.

ಪಶ್ಚಿಮಘಟ್ಟದ ನೀರಿನಲ್ಲಿ ಈ ಕ್ರಮವು ಹೀಗಿದೆ. ಒಣಹವೆಯಲ್ಲಿ ಉದುರಿದ ತರಗೆಲೆಯನ್ನು ಮುಂಗಾರು ತೊರೆಗೆ ತಳ್ಳುತ್ತದೆ. ತೊರೆಯು ಅದನ್ನು ಜಲಾಶಯಕ್ಕೆ ಒಯ್ಯುತ್ತದೆ. ಶಿಲೀಂಧ್ರಗಳಿಗೆ ಅದೇ ಸುಗ್ಗಿ. ಅವು ಎಲೆಯ ಗಡಸು ನಾರನ್ನು ಮೃದುಗೊಳಿಸಿ, ಅದರ ಸಾರಜನಕದ ಅಂಶವನ್ನು ಹೆಚ್ಚಿಸುತ್ತವೆ. ಬೂಷ್ಟು ಹಿಡಿದ ಎಲೆಯನ್ನು ನೀರಹುಳುಗಳು ಮೆಚ್ಚಿ ತಿನ್ನುತ್ತವೆ; ಹುಳುಗಳನ್ನು ಮೀನು ತಿನ್ನುತ್ತದೆ. ಬೇಸಿಗೆಯಲ್ಲಿ ತೊರೆ ಬಡವಾದಾಗ ಬೀಜಕಣಗಳೂ ಕ್ಷೀಣಿಸುತ್ತವೆ. ಆಗ ಆಳವಾದ ಜಲಾಶಯದಲ್ಲಿ ಬೆಚ್ಚನೆಯ ಮೇಲುನೀರು ತಂಪಾದ ಅಡಿನೀರಿನೊಡನೆ ಬೆರೆಯದು. ತಳದಲ್ಲಿ ಆಮ್ಲಜನಕ ಕುಗ್ಗಿ, ಅದನ್ನು ನಂಬಿದ ಶಿಲೀಂಧ್ರಗಳು ಸೊರಗುತ್ತವೆ.

ಚಳಿಗಾಲದಲ್ಲಿ ನೀರು ತಂಪಾಗಿ ಮೇಲುಕೆಳಗು ಬೆರೆತು, ತಳಕ್ಕೆ ಮತ್ತೆ ಆಮ್ಲಜನಕ ದೊರೆಯುತ್ತದೆ. ಆದರೆ ಈ ಋತುವಿಗೆ ಇನ್ನೊಂದು ಮುಖವಿದೆ. ಎರಡು ಕಶಾಂಗಗಳಿಂದ ಈಜುವ ಬೀಜಕಣಗಳುಳ್ಳ ಜಲಬೂಷ್ಟುಗಳಿಗೆ ಇದು ಅನುಕೂಲಕಾಲ. ಇವನ್ನು ಇಂದಿನ ವಿಜ್ಞಾನವು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ, ಕಂದುಪಾಚಿಗಳ ಬಳಗಕ್ಕೆ ಸಮೀಪವೆಂದು ಎಣಿಸುತ್ತದೆ. ಚಳಿಗೆ ಮೀನಿನ ರೋಗನಿರೋಧಶಕ್ತಿ ಕುಂದಿದಾಗ ಅಫನೋಮೈಸಿಸ್ ಎಂಬ ಜಲಬೂಷ್ಟು ಮೈಹೊಕ್ಕು ಹುಣ್ಣೆಬ್ಬಿಸುತ್ತದೆ. 1988ರಲ್ಲಿ ಈಶಾನ್ಯ ಭಾರತವನ್ನು ಹೊಕ್ಕ ಈ ಹುಣ್ಣುರೋಗವು ಅಪಾರ ಮೀನುಗಳನ್ನು ನಾಶಮಾಡಿ, ಬಡ ಬೆಸ್ತರ ಅನ್ನಕ್ಕೆ ಸಂಚಕಾರ ತಂದಿತು.

ಹೀಗೆ ಒಂದೇ ನೀರಿನಲ್ಲಿ ಬೂಷ್ಟು ಒಂದು ಋತುವಿನಲ್ಲಿ ಮೀನಿಗೆ ಉಣಿಸನ್ನು ಅಣಿಗೊಳಿಸುತ್ತದೆ. ಮತ್ತೊಂದು ಋತುವಿನಲ್ಲಿ ಮೀನನ್ನೇ ಉಣ್ಣುತ್ತದೆ. ಕೊಳೆತವೆಲ್ಲ ಕೇಡಲ್ಲ, ತಿಳಿಯಾಗಿ ಕಂಡುದೆಲ್ಲ ಕ್ಷೇಮವೂ ಅಲ್ಲ. ದಡದ ಮರಗಳನ್ನು ಕಡಿದರೆ ಎಲೆಯಿಲ್ಲ; ಎಲೆಯಿಲ್ಲದಿದ್ದರೆ ಈ ಅನ್ನದ ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ. ಆದುದರಿಂದ ಜಲಾಶಯದ ರಕ್ಷಣೆಯೆಂದರೆ ಕಟ್ಟೆಯ ರಕ್ಷಣೆ ಮಾತ್ರವಲ್ಲ, ಅದಕ್ಕೆ ನೀರೂಡುವ ಕಾಡಿನ ರಕ್ಷಣೆಯೂ ಹೌದು.

ಇದನ್ನು ಪುಸ್ತಕದಿಂದಲೇ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ತೊರೆಯ ನೊರೆಯಲ್ಲಿ ಈ ಬೀಜಕಣಗಳು ಸಿಕ್ಕಿಕೊಂಡಿರುತ್ತವೆ. ಪ್ರವಾಹವಿಲ್ಲದ ವೇಳೆಯಲ್ಲಿ ಅಧ್ಯಾಪಕರು ಆ ನೊರೆಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ತೋರಿಸಿದರೆ ಸಾಕು. ಆ ನಾಲ್ಕು ತೋಳುಗಳನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯು ಎಂದಿಗೂ ಮರೆಯನು.